ಹಳೆಯ ರೇಡಿಯೊದಲ್ಲಿ ಹೊಸ ಸ್ವರ



ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಂಗೀತಗಾರರ ಮುಂದಿಟ್ಟರು. ವಿದ್ಯುತ್ತಿನಿಂದ ನಾದ ಹುಟ್ಟುವ ಬಗೆಯನ್ನು ಬೋನಾಳದಂಥ ಹಳ್ಳಿಯ ಮನೆಯಲ್ಲೂ ನೀವು ಅರಿಯಬಹುದು.

ಕೆಟ್ಟ ರೇಡಿಯೊದ ಸ್ಪೀಕರ್, ವಾಲ್ಯೂಮ್ ಕಂಟ್ರೋಲ್, ಒಂದು 555 ಐ.ಸಿ., ಕೆಲವು ರೆಸಿಸ್ಟರ್, ಕೆಪಾಸಿಟರ್‌ಗಳು, 9 ವೋಲ್ಟ್ ಬ್ಯಾಟರಿ ಸಾಕು. ಜೋಡಣೆಯ ನಕ್ಷೆಯನ್ನು ಭೌತಶಾಸ್ತ್ರದ ಗುರುಗಳಿಂದ ಪಡೆಯಿರಿ. ಕೆಪಾಸಿಟರ್ ಸೆಕೆಂಡಿಗೆ ನೂರಾರು ಸಲ ತುಂಬಿ ಬರಿದಾಗುತ್ತದೆ; ಆ ಕಂಪನವೇ ಸ್ವರ. ವಾಲ್ಯೂಮಿನ ಗುಂಡಿ ತಿರುಗಿಸಿದರೆ ಸ್ವರ ಏರಿಳಿಯುತ್ತದೆ. ಅಷ್ಟೇ ಬೆಲೆಯ ಇನ್ನೊಂದು ಕೆಪಾಸಿಟರನ್ನು ಸಮಾಂತರವಾಗಿ ಸೇರಿಸಿದರೆ ಕಂಪನ ಅರ್ಧಕ್ಕಿಳಿದು, ಷಡ್ಜವು ಮಂದ್ರ ಷಡ್ಜವಾಗುತ್ತದೆ. ಪುಸ್ತಕದ ಸೂತ್ರ ಕಿವಿಗೇ ಕೇಳಿಸುತ್ತದೆ!

ಒಂದು ಎಚ್ಚರಿಕೆ: ಮನೆಯ ಕರೆಂಟಿನಿಂದ ನಡೆಯುವ ಉಪಕರಣಗಳನ್ನು ಬಿಚ್ಚಬೇಡಿ. ಹಳೆಯ ಟಿ.ವಿ.ಯೊಳಗೆ ಪ್ಲಗ್ ಕಿತ್ತ ಮೇಲೂ ಪ್ರಾಣಾಪಾಯವಿರುತ್ತದೆ. ಬ್ಯಾಟರಿ ರೇಡಿಯೊವೇ ನಿಮ್ಮ ಪ್ರಯೋಗಶಾಲೆಯಾಗಲಿ.