ಮನೆಯಲ್ಲಿ ಎಷ್ಟು ಜನ, ಎಷ್ಟು ಬ್ರಷ್?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಿಸ್ಟರ್ ಆಡಿದ ಮಾತು)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲ್ಲೂಕಿನ ಸಂಘಗಳಿಂದ ಬಂದಿದ್ದೀರಿ. ಉಳಿತಾಯ, ಸಾಲ, ಠರಾವು, ಲೆಕ್ಕದ ಪುಸ್ತಕ ಇವೆಲ್ಲಾ ನಿಮಗೆ ಈಗ ಬಾಯಿಪಾಠ. ಇವತ್ತು ಅದೇ ಬಾಯಿಯ ವಿಷಯ ಮಾತಾಡೋಣ. ದಿನಾ ಬೆಳಿಗ್ಗೆ ನಮ್ಮ ಬಾಯೊಳಗೆ ಹೋಗುವ ಬ್ರಷ್ ಎಲ್ಲಿರುತ್ತದೆ, ಹೇಗಿರುತ್ತದೆ?

ಮೊದಲು ಒಂದು ಲೆಕ್ಕ ಹಾಕಿರಿ. ನಿಮ್ಮ ಮನೆಯಲ್ಲಿ ಎಷ್ಟು ಜನ, ಎಷ್ಟು ಬ್ರಷ್? ಮನೆಭೇಟಿಗೆ ಹೋದಾಗ ನಾನು ಕೇಳುತ್ತಿರುತ್ತೇನೆ. ಯಜಮಾನರಿಗೆ ಒಂದು, ಕಾಲೇಜಿಗೆ ಹೋಗುವ ಮಗನಿಗೆ ಒಂದು, ಸಣ್ಣ ಮಕ್ಕಳಿಬ್ಬರಿಗೂ ಸೇರಿ ಒಂದು. "ನಿಮಗೆ ಎಲ್ಲಮ್ಮಾ?" ಅಂದರೆ, "ನಮಗ್ಯಾಕ್ರಿ ಸಿಸ್ಟರ್, ಬೆರಳೈತಲ್ಲ, ಇದ್ದಿಲೈತಲ್ಲ" ಅಂತ ನಗುತ್ತಾರೆ. ಊಟದಲ್ಲಿ ಕೊನೆಗೆ ಕೂಡುವ ತಾಯಿ ಬ್ರಷ್ಷಿನಲ್ಲೂ ಕೊನೆಗೇ ಉಳಿದಳು.

ಹಿರಿಯರ ಕಡ್ಡಿ, ನಮ್ಮ ಬ್ರಷ್

ನಮ್ಮ ಹಿರಿಯರು ಬೇವಿನ ಕಡ್ಡಿ, ಜಾಲಿ ಕಡ್ಡಿ ಮುರಿದು ಉಜ್ಜುತ್ತಿದ್ದರು. ಉಜ್ಜಿದ ಮೇಲೆ ಎಸೆಯುತ್ತಿದ್ದರು. ನಾಳೆಗೆ ಹೊಸ ಕಡ್ಡಿ. ಹಾಗಾಗಿ ಅದನ್ನು ಎಲ್ಲಿಡಬೇಕು ಅನ್ನುವ ಪ್ರಶ್ನೆಯೇ ಇರಲಿಲ್ಲ. ಈಗಿನ ನೈಲಾನ್ ಎಳೆಯ ಬ್ರಷ್ 1938ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಒಂದೇ ಬ್ರಷ್ಷನ್ನು ನಾವು ನೂರಾರು ಸಲ ಬಾಯಿಗಿಡುತ್ತೇವೆ. ಅದಕ್ಕೇ ಅದನ್ನು ಶುಚಿಯಾಗಿ ಇಡುವುದೂ ನಮ್ಮ ಕೆಲಸವಾಯಿತು.

ಎಲ್ಲಿ ಇಡಬೇಕು?

ಎಷ್ಟೋ ಮನೆಗಳಲ್ಲಿ ಬ್ರಷ್ ಬಚ್ಚಲ ಗೋಡೆಯ ಸಂದಿನಲ್ಲಿ, ತಟ್ಟಿಯಲ್ಲಿ ಸಿಕ್ಕಿಸಿರುತ್ತದೆ, ಇಲ್ಲವೇ ಸೋಪಿನ ಪಕ್ಕ ಒದ್ದೆಯಲ್ಲೇ ಬಿದ್ದಿರುತ್ತದೆ. ರಾತ್ರಿ ಜಿರಳೆ, ಹಲ್ಲಿ ಅದರ ಮೇಲೆ ಓಡಾಡುತ್ತವೆ. 2014ರಲ್ಲಿ ಸ್ವಚ್ಛ ಭಾರತ ಯೋಜನೆ ಶುರುವಾದ ಮೇಲೆ ಬಹಳ ಮನೆಗಳಿಗೆ ಶೌಚಾಲಯ ಬಂತು. ಇದು ಹೆಣ್ಣುಮಕ್ಕಳಿಗೆ ದೊಡ್ಡ ಅನುಕೂಲ. ಆದರೆ ಕೆಲವು ಮನೆಗಳಲ್ಲಿ ಸ್ನಾನ, ಶೌಚ ಎರಡೂ ಒಂದೇ ಕೋಣೆ. ಜೋರಾಗಿ ನೀರು ಸುರಿದಾಗ ಕಣ್ಣಿಗೆ ಕಾಣದ ಸಣ್ಣ ಹನಿಗಳು ಮೇಲೆ ಹಾರುತ್ತವೆ. ಅಂಥ ಕೋಣೆಯಲ್ಲಿ ಬ್ರಷ್ ಇಡಬೇಡಿರಿ. ಬಚ್ಚಲ ಹೊರಗೆ, ಗಾಳಿಯಾಡುವ ಕಡೆ, ಮಕ್ಕಳ ಕೈಗೆ ಎಟುಕುವಷ್ಟು ಎತ್ತರದಲ್ಲಿ ಇಡಿರಿ.

ಸ್ಟ್ಯಾಂಡ್ ಕೊಳ್ಳಬೇಕಾಗಿಲ್ಲ. ಹಳೇ ಪ್ಲಾಸ್ಟಿಕ್ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ, ತಳದಲ್ಲಿ ನಾಲ್ಕು ತೂತು ಮಾಡಿ, ಮೊಳೆಗೆ ತೂಗುಹಾಕಿದರೆ ಆಯಿತು. ತೂತು ಯಾಕೆಂದರೆ ನೀರು ನಿಲ್ಲಬಾರದು.

ಹೇಗೆ ಇಡಬೇಕು?

1. ಉಜ್ಜುವ ಮೊದಲು ಕೈ ತೊಳೆಯಿರಿ.

2. ಉಜ್ಜಿದ ಮೇಲೆ ಪೇಸ್ಟು, ಅನ್ನದ ಅಗುಳು ಉಳಿಯದಂತೆ ಒಳ್ಳೇ ನೀರಲ್ಲಿ ಬ್ರಷ್ ತೊಳೆದು ಝಾಡಿಸಿ. ಅರ್ಧ ಲೋಟ ನೀರು ಸಾಕು. ತೆರೆದಿಟ್ಟ ತೊಟ್ಟಿಯ ನೀರಲ್ಲಿ ಅದ್ದಬೇಡಿ.

3. ಎಳೆ ಮೇಲಾಗಿ ನಿಲ್ಲಿಸಿ, ಒಣಗಲು ಬಿಡಿ. ಸೂಕ್ಷ್ಮಜೀವಿಗಳು ತೇವದಲ್ಲಿ ಹೆಚ್ಚು ಬೆಳೆಯುತ್ತವೆ. ಮುಚ್ಚಳ, ಡಬ್ಬಿ ದಿನಾ ಬೇಡ. ಗುಳೆ ಹೋಗುವಾಗ, ಊರಿಗೆ ಹೋಗುವಾಗ ದಾರಿಗೆ ಮಾತ್ರ ಮುಚ್ಚಿ, ಮುಟ್ಟಿದ ಮೇಲೆ ಹೊರಗೆ ತೆಗೆದಿಡಿ.

4. ಒಬ್ಬರ ಬ್ರಷ್ ಇನ್ನೊಬ್ಬರದಕ್ಕೆ ತಾಗಬಾರದು. ಗುರುತಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿರಿ.

ಹಾಗಂತ ಹೆದರಬೇಡಿ. ನಮ್ಮ ಬಾಯೊಳಗೇ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಬ್ರಷ್ ಪೂರ್ತಿ ಕ್ರಿಮಿರಹಿತ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಡೆಟಾಲಿನಲ್ಲಿ ನೆನೆಸುವುದು, ಕುದಿಯುವ ನೀರಿಗೆ ಹಾಕುವುದು ಬೇಡ. ಎಳೆ ಕೆಡುತ್ತದೆ. ತೊಳೆದು ಒಣಗಿಸಿದರೆ ಸಾಕು.

ಒಬ್ಬರಿಗೆ ಒಂದು

ಇದು ಎಲ್ಲಕ್ಕಿಂತ ಮುಖ್ಯ. ಉಜ್ಜುವಾಗ ಒಸಡಿನಿಂದ ಸ್ವಲ್ಪ ರಕ್ತ ಬರಬಹುದು, ಅದು ಎಳೆಗೆ ಅಂಟುತ್ತದೆ. ಹೆಪಟೈಟಿಸ್ ಬಿ ಎಂಬ ಕಾಮಾಲೆ ರಕ್ತದಿಂದ ಹರಡುವ ಕಾಯಿಲೆ, ಅದು ಈ ದಾರಿಯಲ್ಲೂ ಬರಬಹುದು. ಅದಕ್ಕೇ ಗಂಡ ಹೆಂಡತಿಯಾದರೂ, ತಾಯಿ ಮಗುವಾದರೂ ಬ್ರಷ್ ಬೇರೆ ಬೇರೆ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆಪಟೈಟಿಸ್ ಬಿ ಲಸಿಕೆ ಉಚಿತ. ಅದನ್ನೂ ತಪ್ಪಿಸಬೇಡಿ.

ಇನ್ನೊಂದು ಮಾತು. ಎಚ್‌ಐವಿ ಇರುವವರ ತಟ್ಟೆ, ಲೋಟ, ಹಾಸಿಗೆಯಿಂದ ಸೋಂಕು ಬರುವುದಿಲ್ಲ. ಅವರನ್ನು ದೂರ ಇಡುವುದು ಅನ್ಯಾಯ. ಬ್ರಷ್ ಮಾತ್ರ ಯಾರದ್ದಾದರೂ ಬೇರೆಯೇ ಇರಲಿ.

ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಒಸಡು ಬೇಗ ಊದುತ್ತದೆ. ರಕ್ತ ಬಂತೆಂದು ಉಜ್ಜುವುದನ್ನು ಬಿಡಬೇಡಿ. ಮೆತ್ತನೆ ಎಳೆಯ ಬ್ರಷ್ ಬಳಸಿರಿ. ನಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಗೆ ತೋರಿಸಿರಿ.

ಇದ್ದಿಲು, ಇಟ್ಟಿಗೆ ಪುಡಿ, ತಂಬಾಕು

ನಮ್ಮ ಕಡೆ ಎಷ್ಟೋ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳಿಗೆ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ. ಅದು ಕೊಳೆಯಲ್ಲ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕಿದರೆ ಕಲೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ. ಮಕ್ಕಳಿಗೆ ಕುಡಿಯಲು ಶುದ್ಧ ನೀರಿನ ಘಟಕದ ನೀರು ಕೊಡಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಕಾಳಿನಷ್ಟು ಪೇಸ್ಟ್ ಸಾಕು. ನುಂಗದಂತೆ ಉಗುಳಿಸಿರಿ.

ತಂಬಾಕು ಪುಡಿಯಿಂದ ಹಲ್ಲುಜ್ಜುವ ತಾಯಂದಿರೂ ಇದ್ದೀರಿ. "ಉಜ್ಜಿದರ ಹಲ್ಲುನೋವು ಇಳಿತೈತಿ" ಅನ್ನುತ್ತೀರಿ. ನೋವು ಮರೆಯಾಗುತ್ತದೆ, ರೋಗ ಒಳಗೇ ಬೆಳೆಯುತ್ತದೆ. ತಂಬಾಕು ಬಾಯಿ ಕ್ಯಾನ್ಸರಿಗೆ ದಾರಿ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಯಾವಾಗ ಬದಲಿಸಬೇಕು?

ಮೂರು ನಾಲ್ಕು ತಿಂಗಳಿಗೊಮ್ಮೆ. ಎಳೆ ಪೊರಕೆಯ ಹಾಗೆ ಅಗಲವಾದರೆ ಅದಕ್ಕೂ ಮೊದಲೇ. ನೆನಪಿಗೆ ಕ್ಯಾಲೆಂಡರ್ ಬೇಡ: ಕೊಟ್ಟೂರು ತೇರು, ಕಾರ ಹುಣ್ಣಿಮೆ, ದಸರಾ. ಈ ಮೂರಕ್ಕೆ ಮನೆಗೆಲ್ಲಾ ಹೊಸ ಬ್ರಷ್. ಇಪ್ಪತ್ತು ರೂಪಾಯಿಯ ಬ್ರಷ್ ಅಂದರೂ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ದಿನಕ್ಕೆ 20 ಪೈಸೆಯೂ ಇಲ್ಲ. ಹಳೆಯದನ್ನು ತಾಯಿಗೆ ಬಿಡಬೇಡಿ, ಬಚ್ಚಲ ಮೂಲೆ ತಿಕ್ಕಲು ಬಿಡಿ.

ಸಂಘ ಏನು ಮಾಡಬಹುದು? ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟುವಾಗ ಪ್ರತಿಯೊಬ್ಬರೂ ಎರಡು ಸಂಖ್ಯೆ ಹೇಳಿರಿ: ಮನೆಯಲ್ಲಿ ಜನ ಎಷ್ಟು, ಬ್ರಷ್ ಎಷ್ಟು. ಎಷ್ಟು ಕಡಿಮೆ ಇದೆಯೋ ಅಷ್ಟನ್ನು ಒಟ್ಟಿಗೆ ಪೇಟೆಯಿಂದ ಸಗಟು ಬೆಲೆಗೆ ತನ್ನಿರಿ. ತಂದ ಮೇಲೆ ಮೊದಲನೇ ಬ್ರಷ್ಷನ್ನು ನೀವೇ ಇಟ್ಟುಕೊಳ್ಳಿರಿ. ಮನೆ ನಡೆಸುವವಳ ಬಾಯಿಯೂ ಆ ಮನೆಯದ್ದೇ ಅಲ್ಲವೇ?