ಗಾಜು ಘನವೋ ದ್ರವವೋ? ಬೆಳಕಿಗೆ ಅದು ಅಡ್ಡ ಬಾರದೇಕೆ?

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಆ ಮಾತನ್ನು ಊಟದ ಹೊತ್ತಿನಲ್ಲಿ ಆಡೋಣ, ಕೇಳಿದವರಿಗೆಲ್ಲ ಹೇಳುತ್ತೇನೆ. ವೇದಿಕೆ ಸಿಕ್ಕಾಗ ಒಂದು ವಿಜ್ಞಾನದ ವಿಷಯ ಹೇಳಬೇಕೆಂದು ಅನ್ನಿಸಿತು. ವಿಷಯ ಗಾಜು. ನಾನು ಬರೆಯುವ ಪ್ರೋಗ್ರಾಂ ಗಾಜಿನ ಎಳೆಯೊಳಗೆ ಬೆಳಕಾಗಿ ಹರಿದು, ನಿಮ್ಮ ಮೊಬೈಲಿನ ಗಾಜಿನ ಹಿಂದೆ ಚಿತ್ರವಾಗಿ ಕಾಣುತ್ತದೆ. ಹಾಗಾಗಿ ಇದು ನನ್ನ ಕೆಲಸದ ವಿಷಯವೂ ಹೌದು.

ಪ್ರಶ್ನೆಗಳು ಎರಡೇ. ಗಾಜು ಘನವೋ, ದ್ರವವೋ? ಅದರ ಮೂಲಕ ಆಚೆಗಿನದು ಕಾಣುವುದೇಕೆ? ಉತ್ತರಕ್ಕೆ ಬೇಕಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಗಾಜು ಎಂದರೆ ಒಂದು ವಸ್ತು ಎಂದುಕೊಂಡಿದ್ದೇವೆ. ವಿಜ್ಞಾನದಲ್ಲಿ ಗಾಜು ಎಂಬುದು ವಸ್ತುವಿನ ಹೆಸರಿಗಿಂತ ಹೆಚ್ಚಾಗಿ ಒಂದು ಸ್ಥಿತಿಯ ಹೆಸರು.

ಮೊದಲು ಗಾಜು ಯಾವುದರಿಂದ ಆಗುತ್ತದೆ ಎಂದು ನೋಡೋಣ. ಇದಕ್ಕೆ ನಮ್ಮ ಮೂರು ತಾಲ್ಲೂಕು ಸಾಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಸಿಗುವುದು ಹೆಚ್ಚಾಗಿ ಬಿಳಿ ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಬೆಣಚುಕಲ್ಲು ಎಂದರೆ ಸಿಲಿಕಾ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ್ದು. ಹಳ್ಳದ ಉಸುಕಿನಲ್ಲೂ ಹೆಚ್ಚಿನ ಪಾಲು ಅದೇ. ಕಿಟಕಿ ಗಾಜಿನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಭಾಗ ಸಿಲಿಕಾ. ಆದರೆ ಸಿಲಿಕಾ ಒಂದನ್ನೇ ಕರಗಿಸಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೋಡಾ ಸೇರಿಸಿದರೆ ಅದು ಇನ್ನೂ ಕಡಿಮೆ ಶಾಖಕ್ಕೇ ಕರಗುತ್ತದೆ. ಆ ಗಾಜು ನೀರಿಗೆ ತಡೆದುಕೊಳ್ಳಲಿ ಎಂದು ಸುಣ್ಣದ ಕಲ್ಲನ್ನೂ ಸೇರಿಸುತ್ತಾರೆ.

ಸೋಡಾ ಎಲ್ಲಿಂದ ಬರಬೇಕು? ಸಿಂಧನೂರು ಕಡೆಯ ರೈತರಿಗೆ ಸವಳು ಎಂದರೆ ಗೊತ್ತು. ಕಾಲುವೆ ನೀರು ನಿಂತ ಹೊಲದಲ್ಲಿ ಬೇಸಿಗೆಗೆ ಬೆಳ್ಳಗೆ ಮೇಲೆದ್ದು ಭತ್ತದ ಸಸಿಯನ್ನು ಸುಡುವ ಮಣ್ಣು. ಎಲ್ಲ ಸವಳೂ ಒಂದೇ ಅಲ್ಲ. ಸೋಡಾ ಹೆಚ್ಚಿರುವ ಸವಳು ಹಿಂದೆ ಗಾಜಿನ ಕುಲುಮೆಗೆ ಬೇಕಾದ ಸರಕಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಂದಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವವರನ್ನು ಕಂಡು ವಿವರವಾಗಿ ಬರೆದಿದ್ದಾನೆ. ಅವರ ಸರಕು ಬೆಣಚುಕಲ್ಲಿನ ಪುಡಿ ಮತ್ತು ಸವಳು ಮಣ್ಣಿನಿಂದ ತೆಗೆದ ಸೋಡಾ. ಇನ್ನು ಮಸ್ಕಿ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಅಲ್ಲಿ ಬೆಳಕಿಗೆ ಬಂದದ್ದು ನಿಮಗೆಲ್ಲ ಗೊತ್ತು. ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಉತ್ಖನನ ನಡೆಸಿದಾಗ ಬಗೆಬಗೆಯ ಮಣಿಗಳು ಸಿಕ್ಕವು. ಅವುಗಳಲ್ಲಿ ಗಾಜಿನ ಮಣಿಗಳೂ ಇದ್ದವು. ಗಾಜು ನಮಗೆ ಹೊರಗಿನಿಂದ ನಿನ್ನೆ ಮೊನ್ನೆ ಬಂದದ್ದಲ್ಲ.

ಈಗ ಮೊದಲ ಪ್ರಶ್ನೆ. ಅಡುಗೆ ಮನೆಗೆ ಹೋಗೋಣ. ಕಲ್ಲುಸಕ್ಕರೆ ನೋಡಿ. ಅದಕ್ಕೆ ಮೂಲೆಗಳಿವೆ, ಚಪ್ಪಟೆ ಮುಖಗಳಿವೆ. ಸಕ್ಕರೆಯ ಕಣಗಳು ಗೋಡೆಯ ಇಟ್ಟಿಗೆಯಂತೆ ಸಾಲು ಸಾಲಾಗಿ ಕೂತಿರುವುದರಿಂದ ಆ ಆಕಾರ ಬಂದಿದೆ. ಇದು ಸ್ಫಟಿಕ. ಈಗ ಸಕ್ಕರೆಯನ್ನು ಕಾಯಿಸಿ ಗಟ್ಟಿ ಪಾಕ ತೆಗೆದು ತಾಟಿಗೆ ಸುರಿಯಿರಿ. ತಣ್ಣಗಾದ ಮೇಲೆ ಅದೂ ಗಟ್ಟಿಯೇ, ಬಡಿದರೆ ಚೂರಾಗುತ್ತದೆ. ಆದರೆ ಚೂರಿಗೆ ಮೂಲೆ ಮುಖಗಳ ಲೆಕ್ಕವಿಲ್ಲ, ಒಡೆದ ಬಾಟಲಿಯಂತೆ ವಕ್ರವಾಗಿ ಒಡೆಯುತ್ತದೆ. ಸಕ್ಕರೆ ಅದೇ, ಸ್ಥಿತಿ ಬೇರೆ. ಕಲ್ಲುಸಕ್ಕರೆ ಸಕ್ಕರೆಯ ಸ್ಫಟಿಕ, ಚಿಕ್ಕಿಯ ಪಾಕ ಸಕ್ಕರೆಯ ಗಾಜು.

ಈ ವ್ಯತ್ಯಾಸ ಬಂದದ್ದು ಸಮಯದಿಂದ. ಕಲ್ಲುಸಕ್ಕರೆ ನಿಧಾನವಾಗಿ ಬೆಳೆಯುತ್ತದೆ, ಪ್ರತಿ ಕಣಕ್ಕೂ ತನ್ನ ಜಾಗ ಹುಡುಕಲು ಬಿಡುವು ಇರುತ್ತದೆ. ಪಾಕ ತಣಿಯುತ್ತಾ ಮಂದವಾಗುತ್ತದೆ, ಮತ್ತೂ ಮಂದವಾಗುತ್ತದೆ. ಸಾಲಿಗೆ ಬರುವ ಮೊದಲೇ ಕಣಗಳಿಗೆ ಅಲುಗಾಡಲು ಆಗದಂತಾಗುತ್ತದೆ. ದ್ರವದಲ್ಲಿ ಇದ್ದ ಅಸ್ತವ್ಯಸ್ತ ಜೋಡಣೆ ಹಾಗೇ ಗಟ್ಟಿಯಾಗುತ್ತದೆ. ಪಾಕ ಹರಳುಗಟ್ಟಬಾರದೆಂದು ತಾಯಂದಿರು ನಾಲ್ಕು ಹನಿ ನಿಂಬೆರಸ ಹಿಂಡುತ್ತಾರಲ್ಲ, ಅದು ಸಕ್ಕರೆಯ ಸ್ವಲ್ಪ ಭಾಗವನ್ನು ಒಡೆದು, ಉಳಿದದ್ದು ಸಾಲಾಗಿ ಕೂಡದಂತೆ ಮಾಡುತ್ತದೆ.

ಸಿಲಿಕಾದ ಕಥೆಯೂ ಇಷ್ಟೇ. ಸಾಲಾಗಿ ಕೂತರೆ ಬೆಣಚುಕಲ್ಲು, ಸಾಲಿಲ್ಲದೆ ಗಟ್ಟಿಯಾದರೆ ಗಾಜು. ಮಂಜುಗಡ್ಡೆ ಸೊನ್ನೆ ಡಿಗ್ರಿಗೆ ಕರಗುತ್ತದೆ ಎಂದು ಒಂದೇ ಅಂಕಿ ಹೇಳಬಹುದು. ಗಾಜಿಗೆ ಹಾಗೆ ಒಂದು ಕರಗುವ ಬಿಂದು ಇಲ್ಲ. ಕಿಟಕಿ ಗಾಜು ಸುಮಾರು 550 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಮೆತ್ತಗಾಗತೊಡಗುತ್ತದೆ. ಬಳೆಗಾರನ ಕಸುಬು ನಿಂತಿರುವುದೇ ಈ ಗುಣದ ಮೇಲೆ. ಒಮ್ಮೆಲೇ ನೀರಾಗುವ ವಸ್ತುವಾಗಿದ್ದರೆ ಬಳೆ ತಿರುಗಿಸಲು ಆಗುತ್ತಿರಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಾಲದಿಂದ ಓಡಾಡುತ್ತಿದೆ. ಗಾಜು ನಿಜವಾಗಿ ದ್ರವ, ಬಹಳ ನಿಧಾನವಾಗಿ ಹರಿಯುತ್ತದೆ, ಯುರೋಪಿನ ಹಳೆಯ ಚರ್ಚುಗಳ ಕಿಟಕಿ ಗಾಜು ಕೆಳಗೆ ದಪ್ಪ ಇರುವುದೇ ಸಾಕ್ಷಿ ಎನ್ನುತ್ತಾರೆ. ಆ ಕಾಲದ ಗಾಜಿನ ಹಲಗೆಗಳು ಮಾಡುವಾಗಲೇ ಏರುಪೇರಾಗಿ ಇರುತ್ತಿದ್ದವು. 2017ರಲ್ಲಿ ಸಂಶೋಧಕರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಹಳೆಯ ಗಾಜಿನಂಥದೇ ಗಾಜನ್ನು ಪರೀಕ್ಷಿಸಿ ಲೆಕ್ಕ ಹಾಕಿದರು. ನೂರು ಕೋಟಿ ವರ್ಷಗಳಲ್ಲಿ ಅದು ಹರಿಯುವುದು ಹೆಚ್ಚೆಂದರೆ ಸುಮಾರು ಒಂದು ನ್ಯಾನೋಮೀಟರ್. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಅಷ್ಟು ದೂರ ಯಾಕೆ? ನಮ್ಮ ದಕ್ಷಿಣದ ಹಳೆಯ ನೆಲೆಗಳಲ್ಲಿ ಸಿಗುವ ಸಾವಿರಾರು ವರ್ಷದ ಗಾಜಿನ ಮಣಿಗಳಿಗೆ ದಾರ ಪೋಣಿಸುವ ತೂತು ಇಂದಿಗೂ ಹಾಗೇ ಇದೆ. ಗಾಜು ಹರಿಯುವಂತಿದ್ದರೆ ಆ ತೂತು ಎಂದೋ ಮುಚ್ಚಿಹೋಗುತ್ತಿತ್ತು.

ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಬೇಕು? ಗಾಜು ಅಸ್ಫಟಿಕ ಘನ ಎಂದು ಬರೆಯಿರಿ, ಅದು ಸರಿಯಾದ ಉತ್ತರ. ಮುಂದೆ ಓದುವವರು ಇನ್ನೊಂದು ಹೆಜ್ಜೆ ಇಡಬಹುದು. ಬ್ರೆಜಿಲ್‌ನ ಎಡ್ಗರ್ ಜನೋಟೊ ಮತ್ತು ಅಮೆರಿಕದ ಜಾನ್ ಮೌರೊ 2017ರಲ್ಲಿ ಗಾಜಿಗೆ ಹೊಸ ವ್ಯಾಖ್ಯೆ ಕೊಟ್ಟರು. ಅದರ ಸಾರ ಹೀಗಿದೆ: ಗಾಜು ಸಮತೋಲನಕ್ಕೆ ಬಾರದ, ಸ್ಫಟಿಕವಲ್ಲದ ಸ್ಥಿತಿ, ನಮ್ಮ ಕಾಲದ ಅಳತೆಯಲ್ಲಿ ಅದು ಘನದಂತೆ ಇರುತ್ತದೆ, ಅಳತೆಗೆ ಸಿಗದಷ್ಟು ದೀರ್ಘ ಕಾಲದಲ್ಲಿ ದ್ರವದ ಕಡೆಗೆ ಸಡಿಲಗೊಳ್ಳುತ್ತದೆ. ಅಂದರೆ ಉತ್ತರದಲ್ಲಿ ಕಾಲವೂ ಸೇರಿದೆ. ದ್ರವ ಹೀಗೆ ಗಾಜಾಗುವಾಗ ಒಳಗೆ ನಿಜವಾಗಿ ಏನಾಗುತ್ತದೆ ಎಂಬುದು ಇನ್ನೂ ಪೂರ್ತಿ ಬಿಡಿಸಲಾಗದ ಲೆಕ್ಕ. ನೊಬೆಲ್ ಪಡೆದ ಫಿಲಿಪ್ ಆಂಡರ್ಸನ್ 1995ರಲ್ಲಿ, ಘನವಸ್ತುಗಳ ಭೌತವಿಜ್ಞಾನದಲ್ಲಿ ಬಹುಶಃ ಇದೇ ಅತ್ಯಂತ ಆಳವಾದ ಸಮಸ್ಯೆ ಎಂದು ಬರೆದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಜೆ. ರಾವ್ ಅವರಂಥವರು ಗಾಜುಗಳ ಒಳರಚನೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಇಲ್ಲಿ ಕೂತ ಯಾರಾದರೂ ಮುಂದೆ ಆ ಕೆಲಸಕ್ಕೆ ಹೋಗಲು ಜಾಗ ಇನ್ನೂ ಇದೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಸಾಲಿಲ್ಲದ ಜೋಡಣೆ ಇರುವುದರಿಂದಲೇ ಗಾಜು ಪಾರದರ್ಶಕ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಸಾಲಿರುವ ಕಲ್ಲುಸಕ್ಕರೆಯೂ ಪಾರದರ್ಶಕ, ಒಳ್ಳೆಯ ಬೆಣಚುಹರಳೂ ಪಾರದರ್ಶಕ. ಇನ್ನೊಂದು ಕಡೆ, 1960ರಲ್ಲಿ ಅಮೆರಿಕದಲ್ಲಿ ಚಿನ್ನ ಮತ್ತು ಸಿಲಿಕಾನ್ ಮಿಶ್ರಣವನ್ನು ಅತಿ ವೇಗವಾಗಿ ತಣಿಸಿ ಮೊದಲ ಲೋಹದ ಗಾಜು ಮಾಡಿದರು. ಜೋಡಣೆಯಲ್ಲಿ ಅದು ಗಾಜು, ಆದರೆ ಅದರ ಮೂಲಕ ಏನೂ ಕಾಣದು.

ಪಾರದರ್ಶಕವಾಗಲು ಎರಡು ಷರತ್ತು. ಬೆಳಕನ್ನು ನುಂಗಬಾರದು, ಬೆಳಕನ್ನು ಚದುರಿಸಬಾರದು.

ನುಂಗುವುದು ಇಲೆಕ್ಟ್ರಾನುಗಳ ಕೆಲಸ. ಬೆಳಕು ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಂತಿನ ಶಕ್ತಿ ಸುಮಾರು 1.6ರಿಂದ 3.1 ಇಲೆಕ್ಟ್ರಾನ್ ವೋಲ್ಟ್. ಶುದ್ಧ ಸಿಲಿಕಾದಲ್ಲಿ ಇಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಏರಬೇಕಾದರೆ ಸುಮಾರು 9 ಬೇಕು. 9 ಅಡಿ ಎತ್ತರದ ಗೋಡೆಯನ್ನು 3 ಅಡಿ ಹಾರುವವನು ದಾಟಲಾರ. ಇಲೆಕ್ಟ್ರಾನು ಬೆಳಕನ್ನು ತೆಗೆದುಕೊಳ್ಳಲಾಗದೆ ಬಿಟ್ಟುಬಿಡುತ್ತದೆ, ಬೆಳಕು ಮುಂದೆ ಹೋಗುತ್ತದೆ. ಲೋಹದಲ್ಲಿ ಇಂಥ ಗೋಡೆ ಇಲ್ಲ, ಆದ್ದರಿಂದ ಲೋಹದ ಮೂಲಕ ಕಾಣುವುದಿಲ್ಲ. ಗಾಜಿಗೆ ಬೇರೆ ಧಾತು ಸ್ವಲ್ಪ ಬೆರೆತರೆ ಗೋಡೆಯ ನಡುವೆ ಮೆಟ್ಟಿಲು ಇಟ್ಟಂತಾಗಿ ಕೆಲವು ಬಣ್ಣ ನುಂಗಲ್ಪಡುತ್ತವೆ. ಕಬ್ಬಿಣದ ಅಂಶದಿಂದ ಕಿಟಕಿ ಗಾಜಿನ ಅಂಚು ಹಸಿರಾಗಿ ಕಾಣುತ್ತದೆ, ಕೋಬಾಲ್ಟ್‌ನಿಂದ ಬಳೆಗೆ ಕಡು ನೀಲಿ ಬರುತ್ತದೆ.

ಚದುರಿಸುವುದನ್ನು ನೀವೇ ನೋಡಬಹುದು. ಕಲ್ಲುಸಕ್ಕರೆ ತಿಳಿಯಾಗಿದೆ, ಕುಟ್ಟಿ ಪುಡಿ ಮಾಡಿದರೆ ಬಿಳಿ. ರಸ್ತೆಯಲ್ಲಿ ಒಡೆದುಬಿದ್ದ ಗಾಡಿಯ ಗಾಜಿನ ರಾಶಿಯೂ ಬಿಳಿ. ವಸ್ತು ಬದಲಾಗಿಲ್ಲ, ಮುಖಗಳು ಹೆಚ್ಚಾಗಿವೆ. ಗಾಳಿಯಿಂದ ಗಾಜಿಗೆ ಹೋಗುವ ಪ್ರತಿ ಮುಖದಲ್ಲೂ ನೂರಕ್ಕೆ ಸುಮಾರು 4 ಭಾಗ ಬೆಳಕು ಹಿಂದೆ ಬರುತ್ತದೆ. ಸಾವಿರ ಮುಖಗಳಾದರೆ ಬೆಳಕು ದಾರಿ ತಪ್ಪುತ್ತದೆ. ಮಸ್ಕಿ ಗುಡ್ಡದ ಬಂಡೆಯಲ್ಲೂ ಬೆಣಚು ಇದೆ, ಆದರೆ ಹಲವು ಬಗೆಯ ಹರಳುಗಳು ಒತ್ತಿಕೊಂಡು ಲೆಕ್ಕವಿಲ್ಲದಷ್ಟು ಗಡಿಗಳಾಗಿವೆ. ಗಾಜಿನೊಳಗೆ ಹರಳುಗಳಿಲ್ಲ, ಗಡಿಗಳೂ ಇಲ್ಲ. ಸಾಲಿಲ್ಲದ ಜೋಡಣೆಯ ಉಪಕಾರ ಇಷ್ಟು.

ಗಡಿಯನ್ನು ಮರೆಸಲೂಬಹುದು. ವಗ್ಗರಣಿ ಮಿರ್ಚಿ ಕಟ್ಟಿಸಿಕೊಂಡ ಪೇಪರಿಗೆ ಎಣ್ಣೆ ತಾಗಿದ ಕಡೆ ಹಿಂದಿನ ಪುಟದ ಅಕ್ಷರ ಕಾಣುತ್ತದೆ. ಕಾಗದದ ನಾರುಗಳ ನಡುವಿನ ಗಾಳಿಯ ಜಾಗಕ್ಕೆ ಎಣ್ಣೆ ಬಂತು. ಎಣ್ಣೆಯೂ ನಾರೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಸಮ ಬಾಗಿಸುತ್ತವೆ, ಹಾಗಾಗಿ ಚದುರುವುದು ಕಡಿಮೆಯಾಯಿತು.

ಈ ಎರಡು ಷರತ್ತನ್ನು ಕೊನೆಯವರೆಗೆ ಎಳೆದದ್ದರಿಂದಲೇ ನನ್ನಂಥವರಿಗೆ ಕೆಲಸ ಸಿಕ್ಕಿದೆ. ಗಾಜಿನ ಕಲ್ಮಶ ತೆಗೆದರೆ ಬೆಳಕನ್ನು ದೂರಕ್ಕೆ ಕಳಿಸಬಹುದು ಎಂದು ಚಾರ್ಲ್ಸ್ ಕಾವೊ 1966ರಲ್ಲಿ ತೋರಿಸಿದರು, 2009ರಲ್ಲಿ ನೊಬೆಲ್ ಬಂತು. ಇಂದಿನ ಫೈಬರಿನಲ್ಲಿ ಬೆಳಕು ಸುಮಾರು 15 ಕಿಲೋಮೀಟರ್ ಹೋದ ಮೇಲೂ ಅರ್ಧ ಉಳಿದಿರುತ್ತದೆ. ಮಸ್ಕಿಯಿಂದ ಸಿಂಧನೂರಿಗೆ ಸರಿಸುಮಾರು ಅರ್ಧ ದಾರಿ ಅದು.

ಕೊನೆಗೆ ಹಿರಿಯರಿಗೆ ಬೇಕಾದ ಒಂದು ಮಾತು. ನಿಮ್ಮ ಕಣ್ಣೊಳಗಿನ ಮಸೂರ ಗಾಜಲ್ಲ, ಅದು ಪ್ರೋಟೀನಿನಿಂದ ಆದದ್ದು. ಆ ಪ್ರೋಟೀನುಗಳು ದಟ್ಟವಾಗಿ, ಒಂದೇ ಸಮ ತುಂಬಿರುವವರೆಗೆ ಅದು ತಿಳಿ. ವಯಸ್ಸಾದಂತೆ ಅವು ಗಂಟುಗಂಟಾದರೆ ಬೆಳಕು ಚದುರುತ್ತದೆ. ಕಣ್ಣಿನ ಪೊರೆ ಎಂದರೆ ಇದು, ಪುಡಿ ಸಕ್ಕರೆ ಬೆಳ್ಳಗೆ ಕಾಣುವ ಕಾರಣವೇ ಇಲ್ಲೂ ಇದೆ. ಚದುರಿದ ಬೆಳಕನ್ನು ಕಣ್ಣಿನ ಹನಿಯಿಂದ, ಕನ್ನಡಕದಿಂದ ಸರಿಪಡಿಸಲಾಗದು, ಮಸೂರವನ್ನೇ ಬದಲಿಸಬೇಕು. ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಯುದ್ಧದಲ್ಲಿ ಗಾಯಗೊಂಡ ಪೈಲಟ್‌ಗಳನ್ನು ನೋಡುತ್ತಿದ್ದಾಗ, ವಿಮಾನದ ಕಿಟಕಿಯ ಅಕ್ರಿಲಿಕ್ ಚೂರುಗಳು ಕಣ್ಣೊಳಗೆ ಸಿಕ್ಕಿದ್ದರೂ ಕೆರಳಿಸದೆ ಇರುವುದನ್ನು ಗಮನಿಸಿದರು. 1949ರಲ್ಲಿ ಅಂಥದೇ ಅಕ್ರಿಲಿಕ್‌ನಿಂದ ಮಸೂರ ಮಾಡಿ ಕೂರಿಸಿದರು. ಆ ಅಕ್ರಿಲಿಕ್‌ನಲ್ಲಿ ಉಸುಕಿಲ್ಲ, ಸೋಡಾ ಇಲ್ಲ. ಆದರೂ ಸ್ಥಿತಿಯಿಂದ ಅದೂ ಗಾಜೇ.

ನಮ್ಮ ಅಜ್ಜಿ "ಪೊರಿ ಹಣ್ಣಾಗ್ಲಿ ತಡಿ, ಆಮ್ಯಾಲ ನೋಡೋಣು" ಎನ್ನುತ್ತಾ ನಾಲ್ಕು ವರ್ಷ ಕಳೆದಳು. ಆ ನಾಲ್ಕು ವರ್ಷ ಆಕೆ ಅಕ್ಕಿಯಲ್ಲಿ ಕಲ್ಲು ಆರಿಸಲಿಲ್ಲ, ಒಬ್ಬಳೇ ಬಸ್ಸು ಹತ್ತಲಿಲ್ಲ. ಹಳೆಯ ಕಾಲದ ಶಸ್ತ್ರಚಿಕಿತ್ಸೆಗೆ ಪೊರೆ ಬಲಿಯಬೇಕಿತ್ತು, ಈಗ ಬೇಕಿಲ್ಲ. ತೀರಾ ಬಲಿತರೆ ಶಸ್ತ್ರಚಿಕಿತ್ಸೆಯೇ ಕಷ್ಟವಾಗುತ್ತದೆ, ಕಣ್ಣಿನ ಒತ್ತಡ ಏರುವ ಅಪಾಯವೂ ಇದೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆಯುತ್ತಿದೆ. ಮಂಜಾಗಿ ಕಾಣುತ್ತಿದ್ದರೆ ಈ ವಾರವೇ ಹೋಗಿ ತೋರಿಸಿ. ಮಕ್ಕಳೇ, ಮನೆಯಲ್ಲಿ ಅಜ್ಜ ಅಜ್ಜಿ ಹಣ್ಣಾಗಲಿ ಎಂದರೆ, ಕಲ್ಲುಸಕ್ಕರೆ ಒಂದು ಕೈಯಲ್ಲಿ, ಪುಡಿ ಸಕ್ಕರೆ ಒಂದು ಕೈಯಲ್ಲಿ ಹಿಡಿದು ತೋರಿಸಿ ಹೇಳಿ.