ಎರಡು ಹೊಳೆಗಳ ನಡುವಣ ಉಪ್ಪಿನಂಗಡಿ
(ಧಾಮಸಂಪ್ರೋಕ್ಷಣ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಪಂಚಕಲ್ಯಾಣ ಮಹೋತ್ಸವವೊಂದು ಜರಗುವಾಗ ಊರೂರುಗಳಿಂದ ಬರುವ ಶ್ರಾವಕ ಶ್ರಾವಿಕೆಯರು ಹೋಗುವಾಗಲೋ ಬರುವಾಗಲೋ ಒಂದೆರಡು ಕ್ಷೇತ್ರಗಳ ದರ್ಶನವನ್ನೂ ಸೇರಿಸಿಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಶ್ರವಣಬೆಳಗೊಳದ ಕಡೆಯವರು ಶಿರಾಡಿ ಘಟ್ಟವನ್ನಿಳಿದು ವೇಣೂರು, ಮೂಡುಬಿದಿರೆ, ಕಾರ್ಕಳಗಳಿಗೆ ಬರುತ್ತಾರೆ. ಕರಾವಳಿಯವರು ಅದೇ ದಾರಿಯಿಂದ ಘಟ್ಟವೇರಿ ಗೊಮ್ಮಟನ ಸನ್ನಿಧಿಗೆ ಹೋಗುತ್ತಾರೆ. ಈ ದಾರಿಯಲ್ಲಿ, ಘಟ್ಟದ ಬುಡವನ್ನು ಬಿಟ್ಟು ನೆಲ ಬಯಲಾಗುತ್ತ ಬರುವಲ್ಲಿ, ಪುತ್ತೂರು ತಾಲೂಕಿನ ಉಪ್ಪಿನಂಗಡಿ ಎಂಬ ಪುಟ್ಟ ಪೇಟೆ ಸಿಗುತ್ತದೆ. ಯಾತ್ರಿಕರ ವಾಹನ ಅಲ್ಲಿ ನಿಂತರೆ ಕಾಫಿಗಾಗಿ ನಿಲ್ಲುತ್ತದೆ. ಇಲ್ಲವಾದರೆ ಸೇತುವೆ ದಾಟಿ ಹೋಗಿಬಿಡುತ್ತದೆ. ಅಲ್ಲಿ ಬಸದಿಗಾಗಿ ಹುಡುಕುವವರಿಗೆ ಎದುರಾಗುವುದು ಹೊಳೆ, ಮರಳು, ಶಿವಾಲಯ. ‘ಜೈನರಿಗೆ ಇಲ್ಲಿ ನೋಡತಕ್ಕದ್ದೇನಿದೆ?’ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ಗಮನಿಸಬೇಕು. ಈಶಾನ್ಯದಿಂದ ನೇತ್ರಾವತಿ ಬರುತ್ತಾಳೆ. ಕುಮಾರಪರ್ವತದ ಮಗ್ಗುಲಲ್ಲಿ ಹುಟ್ಟಿದ ಕುಮಾರಧಾರೆ ಸುಬ್ರಹ್ಮಣ್ಯದ ಸ್ನಾನಘಟ್ಟವನ್ನು ತೊಳೆದು, ಈಗಿನ ಕಡಬ ತಾಲೂಕನ್ನು ಹಾದು ಆಗ್ನೇಯದಿಂದ ಬರುತ್ತಾಳೆ. ಎರಡು ಹೊಳೆಗಳೂ ಕೂಡುವ ಮುನ್ನ ಅವುಗಳ ನಡುವೆ ನಾಲಿಗೆಯಂತೆ ಚಾಚಿಕೊಂಡ ನೆಲದಲ್ಲಿ ಪೇಟೆ ಇದೆ. ನಾಲಿಗೆಯ ತುದಿಯ ಬಳಿ ಸಹಸ್ರಲಿಂಗೇಶ್ವರ ಹಾಗೂ ಮಹಾಕಾಳಿಯ ದೇವಾಲಯವಿದೆ. ಕೂಡಿದ ಮೇಲೆ ಕುಮಾರಧಾರೆಯ ಹೆಸರು ಅಲ್ಲಿಗೇ ನಿಲ್ಲುತ್ತದೆ. ಬಂಟ್ವಾಳ, ತುಂಬೆಗಳನ್ನು ಕಳೆದು ಮಂಗಳೂರಿನಲ್ಲಿ ಕಡಲು ಸೇರುವವರೆಗೆ ಹರಿಯುವುದು ನೇತ್ರಾವತಿ ಎಂಬ ಹೆಸರೊಂದೇ.

ಊರಿನ ಹೆಸರಿಗೆ ಬೇರೆ ಭಾಷ್ಯ ಬೇಡ. ಕರಾವಳಿಯ ಉಪ್ಪು ದೋಣಿಗಳಲ್ಲಿ ಹೊಳೆಯ ಮೇಲ್ಮುಖವಾಗಿ ಬರುತ್ತಿದ್ದ ಕಾಲದಲ್ಲಿ ಸಣ್ಣ ದೋಣಿಗಳು ಏರಬಹುದಾಗಿದ್ದ ಎಡೆ ಇದು. ಇಲ್ಲಿಂದ ಮುಂದೆ ಎತ್ತಿನ ಬೆನ್ನೇ ಗತಿ. ಘಟ್ಟದ ಮೇಲಿನವರಿಗೆ ಉಪ್ಪು ಬೇಕು, ಕೆಳಗಿನವರಿಗೆ ಮೇಲಿನ ಸರಕು ಬೇಕು. ಇಬ್ಬರೂ ಭೇಟಿಯಾಗುವಲ್ಲಿ ಅಂಗಡಿ ಎದ್ದಿತು. ತುಳುವರು ಮಾತ್ರ ಊರನ್ನು ‘ಉಬಾರ್’ ಎಂದೇ ಕರೆಯುತ್ತಾರೆ. ಮದರಾಸು ಪ್ರಾಂತದ ಆಡಳಿತದಲ್ಲಿ ಇಡೀ ತಾಲೂಕಿಗೆ ಉಪ್ಪಿನಂಗಡಿ ತಾಲೂಕು ಎಂಬ ಹೆಸರಿತ್ತು, ಕಚೇರಿಯಿದ್ದುದು ಪುತ್ತೂರಿನಲ್ಲಿ. ಕೊನೆಗೆ ಹೆಸರೂ ಕಚೇರಿಯ ಹಿಂದೆಯೇ ಹೋಯಿತು.

ಇನ್ನು ಮುಖ್ಯ ಪ್ರೇಕ್ಷಣೀಯ ವಸ್ತುವಿನ ವಿಚಾರ. ಅದು ಗುಡಿಯ ಒಳಗಿಲ್ಲ, ಹೊಳೆಯ ಒಳಗಿದೆ. ಸಂಗಮದ ಮರಳಿನಲ್ಲಿ ಒಂದು ಉದ್ಭವಲಿಂಗವಿದೆ. ಮಳೆಗಾಲದಲ್ಲಿ ಅದರ ಮೇಲೆ ಆಳುದ್ದ ಕೆನ್ನೀರು ಹರಿಯುತ್ತದೆ. ಮಳೆ ನಿಂತು ಹೊಳೆ ಸೊರಗಿ ಮರಳ ದಿಣ್ಣೆ ಎದ್ದ ಬಳಿಕವೇ ಲಿಂಗದ ದರ್ಶನ. ಆಗ ಜನ ಮರಳ ಮೇಲೆ ನಡೆದು ಹೋಗಿ ಪೂಜೆ ಸಲ್ಲಿಸುತ್ತಾರೆ. ಸ್ಥಳಪುರಾಣ ಹೀಗಿದೆ: ಧರ್ಮರಾಯನ ಯಾಗಕ್ಕೆ ಪುರುಷಮೃಗವನ್ನು ತರಹೋದ ಭೀಮನಿಗೆ ಹನುಮಂತನು ತನ್ನ ರೋಮಗಳನ್ನು ಕೊಟ್ಟನು. ಬೆನ್ನಟ್ಟಿ ಬರುವ ಪುರುಷಮೃಗ ಸಮೀಪಿಸಿದಾಗಲೆಲ್ಲ ಭೀಮ ಒಂದೊಂದು ರೋಮವನ್ನು ಬೀಳಿಸುವನು, ಅದು ಲಿಂಗವಾಗುವುದು, ಶಿವಭಕ್ತವಾದ ಪುರುಷಮೃಗ ಪೂಜೆಗೆ ನಿಲ್ಲುವುದು. ಈ ಸಂಗಮದಲ್ಲಿ ಉಳಿದ ರೋಮಗಳೆಲ್ಲವೂ ಒಮ್ಮೆಲೇ ಬಿದ್ದು ಸಹಸ್ರಲಿಂಗಗಳಾದವಂತೆ. ಹಿಡಿಯಲು ಬಂದವನು ಪೂಜೆಗೆ ನಿಂತುಬಿಡುವ ಈ ಕಥೆಯನ್ನು ಮಕ್ಕಳಿಗೆ ಹೇಳಿದರೆ ಅವರು ಮರಳಿನಲ್ಲಿ ಒಂದೊಂದು ಕಲ್ಲನ್ನೂ ಬಗ್ಗಿ ನೋಡುವುದು ನಿಶ್ಚಯ.

ಮಾಘ ಹುಣ್ಣಿಮೆ, ಮಹಾಶಿವರಾತ್ರಿ, ಅನಂತರದ ಅಷ್ಟಮಿ, ಹೀಗೆ ಮೂರು ಮಖೆಕೂಟಗಳು ಇಲ್ಲಿ ನಡೆಯುತ್ತವೆ. ಬೆಳಗಿನ ಜಾವದಲ್ಲಿ ಸಾವಿರಾರು ಜನ ಸಂಗಮಸ್ನಾನ ಮಾಡುತ್ತಾರೆ. ಗತಿಸಿದವರ ಅಸ್ಥಿಯನ್ನು ಬಿಡಲು, ಪಿಂಡಪ್ರದಾನ ಮಾಡಲು ವರ್ಷವಿಡೀ ಕುಟುಂಬಗಳು ಬರುತ್ತವೆ. ದಕ್ಷಿಣಕಾಶಿ ಎಂಬ ಹೆಸರು ಬಂದುದು ಹೀಗೆ. ಮೂಡುಬಿದಿರೆಯನ್ನು ಜೈನಕಾಶಿ ಎನ್ನುವುದು ಎಲ್ಲರಿಗೂ ಗೊತ್ತು. ಒಂದೇ ಜಿಲ್ಲೆಯಲ್ಲಿ, ಕೆಲವೇ ತಾಸುಗಳ ದಾರಿಯಲ್ಲಿ, ಎರಡು ಕಾಶಿಗಳು.

ಇಲ್ಲಿ ಶ್ರಾವಕನ ಮನಸ್ಸಿನಲ್ಲಿ ಒಂದು ತೊಡಕು ತಲೆದೋರುವುದುಂಟು, ಅದನ್ನು ಮರೆಮಾಚಬೇಕಾಗಿಲ್ಲ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ, ಪುಣ್ಯ ದೊರೆಯುವುದೆಂಬ ಭಾವನೆಯಿಂದ ಹೊಳೆಯಲ್ಲಿ ಕಡಲಲ್ಲಿ ಮೀಯುವುದನ್ನೂ ಮರಳು ಕಲ್ಲುಗಳನ್ನು ರಾಶಿ ಹಾಕುವುದನ್ನೂ ಲೋಕಮೂಢತೆಗಳ ಸಾಲಿನಲ್ಲಿ ಎಣಿಸಿದ್ದಾರೆ. ಸಮ್ಯಗ್ದರ್ಶನಕ್ಕೆ ಮೂಢತೆ ಮಲವೆಂದು ನಂಬಿದವನು ಮಖೆಯ ಸ್ನಾನಕ್ಕೆ ಇಳಿಯಲಾರ. ಇದು ನೇರವಾದ ಮಾತು. ಆದರೆ ಸ್ನಾನಕ್ಕೆ ಇಳಿಯದವನು ದಡದ ಮೇಲೂ ನಿಲ್ಲಬಾರದೆಂದು ಆಚಾರ್ಯರು ಹೇಳಲಿಲ್ಲ. ನೆರೆಯವನು ತನ್ನ ತಂದೆಯ ಅಸ್ಥಿಯನ್ನು ನೀರಿಗೆ ಬಿಡುವಾಗ ಅವನ ಜತೆಗೆ ನಿಲ್ಲುವುದು ಯಾವ ಮೂಢತೆಯೂ ಅಲ್ಲ. ಅನೇಕಾಂತವನ್ನು ವೇದಿಕೆಯ ಮೇಲೆ ವಿವರಿಸುವುದು ಸುಲಭ; ಮರಳ ಮೇಲೆ ಆಚರಿಸುವುದು ತುಸು ಕಷ್ಟ.

ಇದಕ್ಕೆ ಸಾಕ್ಷಿ ಬೇಕಾದರೆ ಅದೇ ನೇತ್ರಾವತಿಯ ಮೇಲುದಂಡೆಯಲ್ಲಿದೆ. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿ ಮಂಜುನಾಥಸ್ವಾಮಿಯ ಲಿಂಗಕ್ಕೆ ಮಾಧ್ವ ಅರ್ಚಕರು ಪೂಜೆ ಮಾಡುತ್ತಾರೆ. ಅದೇ ಕ್ಷೇತ್ರದಲ್ಲಿ ಚಂದ್ರನಾಥಸ್ವಾಮಿಯ ಬಸದಿಯಿದೆ. ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ 39 ಅಡಿಯ ಬಾಹುಬಲಿ 1982ರಲ್ಲಿ ಅಲ್ಲಿ ಪ್ರತಿಷ್ಠೆಗೊಂಡನು. ಆ ಮೂರ್ತಿಯ ಪಾದಕ್ಕೆರಗಲು ಬಂದವರೂ ಮಂಜುನಾಥನ ದರ್ಶನಕ್ಕೆ ಬಂದವರೂ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರೆ. ಆ ದಡವನ್ನು ತೊಳೆದ ನೀರೇ ಉಪ್ಪಿನಂಗಡಿಗೆ ಹರಿದು ಬರುವುದು.

ತೀರ್ಥ ಎಂಬ ಶಬ್ದವನ್ನೇ ನೋಡಬಹುದು. ದಾಟು ಎಂಬ ಅರ್ಥದ ಧಾತುವಿನಿಂದ ಬಂದ ಈ ಪದಕ್ಕೆ ಹೊಳೆಯನ್ನು ದಾಟುವ ಎಡೆ, ಕಡವು, ಎಂದೇ ಮೂಲಾರ್ಥ. ಸಂಸಾರಸಾಗರಕ್ಕೆ ಕಡವನ್ನು ನಿರ್ಮಿಸಿದವರು ತೀರ್ಥಂಕರರು. ಸೇತುವೆಗಳ ಮೇಲೆ ಅರೆಗಳಿಗೆಯಲ್ಲಿ ಹೊಳೆ ದಾಟುವವರಿಗೆ ಆ ಉಪಮಾನದ ಭಾರ ತಿಳಿಯುವುದಿಲ್ಲ. ಉಪ್ಪಿನಂಗಡಿಯ ದಡದಲ್ಲಿ ಆಷಾಢದ ಒಂದು ದಿನ ನಿಂತರೆ ತಿಳಿಯುತ್ತದೆ. 1923ರ ದೊಡ್ಡ ನೆರೆ ಇಲ್ಲಿನ ಪೇಟೆಯನ್ನು ಕಾಡಿದುದನ್ನೂ 1974ರಲ್ಲಿ ಮತ್ತೆ ನೀರೇರಿದುದನ್ನೂ ಹಿರಿಯರು ‘ಬೊಳ್ಳ’ದ ಲೆಕ್ಕದಲ್ಲಿಯೇ ಹೇಳುತ್ತಿದ್ದರು, ಹುಟ್ಟಿದ ವರ್ಷವನ್ನೂ ಮದುವೆಯ ವರ್ಷವನ್ನೂ ಅದರಿಂದಲೇ ಎಣಿಸುತ್ತಿದ್ದರು. ಎರಡೂ ಹೊಳೆಗಳು ಉಕ್ಕಿ ದೇವಾಲಯದ ಮುಂಭಾಗದಲ್ಲಿಯೇ ಒಂದಾದರೆ ಊರವರು ಅದನ್ನು ‘ಸಂಗಮ’ವೆಂದು ಕರೆದು ಪೂಜೆ ಮಾಡಿ ಬಾಗಿನ ಅರ್ಪಿಸುತ್ತಾರೆ. ಮನೆಗೆ ನೀರು ನುಗ್ಗುವ ಗಳಿಗೆಯನ್ನೇ ಹಬ್ಬವಾಗಿಸಿಕೊಂಡ ಜನ ಇವರು.

ಜೈನ ಚರಿತ್ರೆಗೂ ಈ ಹೊಳೆಗೂ ಇರುವ ನಂಟನ್ನು ಮರೆಯಲಾಗದು. ನೇತ್ರಾವತಿ ಹುಟ್ಟುವ ಕುದುರೆಮುಖದ ಕಣಿವೆಗೆ ಬಂಗ್ರಬಲಿಗೆ ಎಂದು ಹೆಸರು. ಬಂಗರ ನೆನಪು ಆ ಹೆಸರಿನಲ್ಲಿ ಕೇಳಿಸುವಂತಿದೆ. ಘಟ್ಟದ ಅಡಿಯ ಬಂಗವಾಡಿ ಬಂಗರಸರ ಮೂಲಸ್ಥಾನ. ಉಪ್ಪಿನಂಗಡಿಯಿಂದ ಕೆಳಗೆ ಅದೇ ಹೊಳೆಯ ದಡದ ನಂದಾವರ ಅವರ ಮತ್ತೊಂದು ನೆಲೆ. ವಿಜಯವರ್ಣಿಯು ಶೃಂಗಾರಾರ್ಣವಚಂದ್ರಿಕೆ ಎಂಬ ಸಂಸ್ಕೃತ ಅಲಂಕಾರಗ್ರಂಥವನ್ನು ರಚಿಸಿದುದು ಬಂಗ ಕಾಮಿರಾಯನ ಅಪೇಕ್ಷೆಯಂತೆ. ಕಾವ್ಯಲಕ್ಷಣ ಓದುವ ಅರಸರು ಹೊಳೆಯ ಬದಿಯಲ್ಲಿದ್ದರು ಎಂಬುದನ್ನು ಇಂದಿನ ತರುಣರು ತಿಳಿದಿರುವುದು ಒಳ್ಳೆಯದು.

ಅದೇ ವಂಶದ ಕೊನೆಯ ದೊಡ್ಡ ಅಧ್ಯಾಯ 1837ರದು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದಾಗ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಅದರಿಂದ ಬಿಡಿಸಿ ಕೆನರಾಕ್ಕೆ ಸೇರಿಸಲಾಯಿತು. ಬೆಳೆದ ಧಾನ್ಯವನ್ನೇ ಕಂದಾಯವಾಗಿ ಕೊಡುತ್ತಿದ್ದ ರೈತನನ್ನು ನಗದು ಹಣ ಕೇಳಿದರು. ಸುಳ್ಯದ ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ ಜನ ದಂಗೆಯೆದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು ಹಾದು ಮಂಗಳೂರಿಗೆ ನಡೆದರು. ಏಪ್ರಿಲ್ ತಿಂಗಳಲ್ಲಿ 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ದಂಗೆಯ ನಾಯಕರ ಸಾಲಿನಲ್ಲಿ ಉಪ್ಪಿನಂಗಡಿಯ ಮಂಜನ ಹೆಸರಿದೆ. ನಂದಾವರದ ಲಕ್ಷ್ಮಪ್ಪ ಬಂಗರಸನ ಹೆಸರೂ ಇದೆ. ಬಂಗರಸನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಿದರು. ಅಹಿಂಸಾಧರ್ಮದ ಮನೆತನದ ಅರಸನೊಬ್ಬ ರೈತರ ಪಕ್ಷ ಹಿಡಿದು ಪ್ರಾಣ ಕೊಟ್ಟ ಈ ಸಂಗತಿ ಜೈನ ಮನೆಗಳಲ್ಲಿಯೇ ಎಷ್ಟು ಮಂದಿಗೆ ತಿಳಿದಿದೆ?

ಸುತ್ತಣ ಬೇರೆ ಸ್ಥಳಗಳನ್ನು ಹೆಸರಿಸಿದರೆ ಸಾಕು. ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯ, ಅದರ ಏಪ್ರಿಲ್ ತಿಂಗಳ ಜಾತ್ರೆ, ಮುತ್ತು ಬೆಳೆಯಿತೆಂಬ ಕಥೆಯಿರುವ ಕೆರೆ. ಪರ್ಲಡ್ಕದಲ್ಲಿ ಶಿವರಾಮ ಕಾರಂತರು ಹಲವು ದಶಕ ಬಾಳಿದ ಬಾಲವನ. ಸುಳ್ಯದ ಕಡೆ ಹೋಗುವವರು ತೊಡಿಕಾನವನ್ನು ಮಾತ್ರ ತಪ್ಪಿಸಬಾರದು. ಅಲ್ಲಿನ ಮಲ್ಲಿಕಾರ್ಜುನ ದೇವಾಲಯದ ಬಳಿಯ ಮತ್ಸ್ಯತೀರ್ಥದಲ್ಲಿ ಮೀನು ಹಿಡಿಯುವಂತಿಲ್ಲ. ಅವು ದೇವರ ಮೀನುಗಳು. ಮೊಳದುದ್ದದ ಮೀನುಗಳು ಮನುಷ್ಯನ ನೆರಳಿಗೆ ಹೆದರದೆ ಕಾಲ ಬಳಿಗೆ ಬರುವುದನ್ನು ನೋಡಿದಾಗ ಅಭಯದಾನವೆಂಬ ಶಬ್ದಕ್ಕೆ ಬೇರೆ ವ್ಯಾಖ್ಯಾನ ಬೇಡವೆನಿಸುತ್ತದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿಯೂ ಇಂಥ ಮತ್ಸ್ಯತೀರ್ಥವಿದೆ. 1996ರಲ್ಲಿ ಅಲ್ಲಿ ದುಷ್ಟರು ವಿಷವಿಕ್ಕಿ ಅಸಂಖ್ಯ ಮೀನುಗಳನ್ನು ಕೊಂದರು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಜನರೊಡನೆ ಜೈನನಿಗೆ ಮಾತನಾಡಲು ವಿಷಯವಿಲ್ಲದೆ ಇರುತ್ತದೆಯೆ?

ಉಪ್ಪಿನಂಗಡಿಗೆ ಮರಳೋಣವೆಂದರೆ, ಈಗ ಅಲ್ಲಿ ಒಂದು ಹೊಸ ಸಮಸ್ಯೆ ಎದ್ದಿದೆ. ಸಂಗಮದಿಂದ ಕೆಳಗೆ ಬಿಳಿಯೂರಿನಲ್ಲಿ ನೇತ್ರಾವತಿಗೆ ಅಡ್ಡಲಾಗಿ ಕಿಂಡಿ ಅಣೆಕಟ್ಟು ಆಗಿದೆ. ಬೇಸಿಗೆಯಲ್ಲಿ ಗೇಟು ಇಳಿಸಿದರೆ ಹಿನ್ನೀರು ಸಂಗಮದವರೆಗೂ ನಿಲ್ಲುತ್ತದೆ, ಮರಳು ಮುಳುಗುತ್ತದೆ, ಉದ್ಭವಲಿಂಗವೂ ಮುಳುಗುತ್ತದೆ. ದಂಡೆಯ ರೈತನ ಅಡಕೆ ತೋಟಕ್ಕೆ ಆ ನೀರೇ ಜೀವ. ಬಾವಿಗಳ ಒರತೆಗೂ ಅದೇ ಆಧಾರ. ಭಕ್ತನಿಗೆ ನೀರಿಳಿದರೇ ದರ್ಶನ. ಮಖೆಕೂಟ ಸಮೀಪಿಸಿದಾಗ ಗೇಟು ತೆರೆದು ನೀರಿಳಿಸಬೇಕೆಂಬ ಬೇಡಿಕೆ ಏಳುವುದು ಹೀಗೆ. ಇಬ್ಬರಲ್ಲಿ ಯಾರನ್ನೂ ತಪ್ಪೆನ್ನಲಾಗದು. ಆದರೆ ಅಸಾಧ್ಯವಾದ ಜಗಳವೂ ಇದಲ್ಲ. ಮಾಘ ಹುಣ್ಣಿಮೆ ಎಂದು ಬರುವುದೆಂಬುದು ವರ್ಷದ ಮೊದಲೇ ಪಂಚಾಂಗದಲ್ಲಿರುತ್ತದೆ. ಆ ಕೆಲವು ದಿನಗಳಿಗಾಗಿ ನೀರನ್ನು ಎಷ್ಟು ಇಳಿಸಬೇಕು, ಎಂದು ಮತ್ತೆ ನಿಲ್ಲಿಸಬೇಕು ಎಂಬುದನ್ನು ರೈತರೂ ದೇವಾಲಯದವರೂ ಇಂಜಿನಿಯರರೂ ಕಾರ್ತಿಕದಲ್ಲಿಯೇ ಕುಳಿತು ಬರೆದಿಟ್ಟುಕೊಳ್ಳಬಹುದು.

ಈ ಮಾತಿಗೆ ಬಸದಿಯ ಉತ್ಸವದಲ್ಲಿ ಏನು ಸ್ಥಾನ ಎನ್ನುವವರು ತಮ್ಮ ಅಡುಗೆಮನೆಯನ್ನು ನೆನೆಯಬೇಕು. ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದುದನ್ನು ನೀರು ತೆಗೆದ ಬಾವಿಗೇ ಹೊಳೆಗೇ ಮೆಲ್ಲನೆ ಮರಳಿಸುವ ಆಚಾರ ಜೈನ ಹೆಂಗಸರದು. ಕಾಣದ ಜೀವವನ್ನೂ ಅದರ ಮನೆಗೆ ತಲುಪಿಸುವ ಎಚ್ಚರ ಅದು. ನೀರೇ ಜೀವವೆಂದು, ಜಲಕಾಯಿಕವೆಂದು, ಬಗೆದ ಸಮಾಜಕ್ಕೆ ಹೊಳೆಯ ಹರಿವಿನ ಪ್ರಶ್ನೆ ಹೊರಗಿನದಾಗಲಾರದು. ನಲ್ಲಿ ಬಂದ ಮೇಲೆ ಬಟ್ಟೆ ಉಳಿಯಿತು, ಮರಳಿಸುವ ಕ್ರಮ ಅನೇಕ ಮನೆಗಳಲ್ಲಿ ನಿಂತಿತು; ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ಮನೆಗಳಿಗೆ ಬರುವ ನೀರು ಈ ಸಂಗಮವನ್ನು ಹಾದು ಬಂದುದೆಂಬ ನೆನಪೂ ಅದರೊಂದಿಗೆ ಮಸುಕಾಯಿತು.

ವೇಣೂರಿನಿಂದ ಹೊರಡುವವರು ಗುರುವಾಯನಕೆರೆಯ ದಾರಿಯಾಗಿ ಬಂದು ನೇತ್ರಾವತಿಯ ಸೇತುವೆ ದಾಟಿದರೆ ಉಪ್ಪಿನಂಗಡಿ. ಘಟ್ಟದ ಕಡೆಯಿಂದ ಬರುವವರಿಗೆ ಹೆದ್ದಾರಿಯೇ ಊರಿಗೆ ತಲುಪಿಸುತ್ತದೆ. ಮಾಘ ಫಾಲ್ಗುಣಗಳಲ್ಲಿ, ಬೆಳಗಿನ ಪೂಜೆಯ ಹೊತ್ತಿಗೆ ತಲುಪುವುದು ಒಳಿತು. ಹೊತ್ತೇರಿದ ಮೇಲೆ ಮರಳು ಕಾಲು ಸುಡುತ್ತದೆ, ವೃದ್ಧರಿಗೆ ನಡೆಯಲಾಗದು. ನೀರು ನಿಲ್ಲಿಸಿದ್ದರೆ ಲಿಂಗ ಕಾಣದು. ಆಗ ದೇವಾಲಯದ ಬದಿಯ ಮೆಟ್ಟಿಲುಗಳಲ್ಲಿ ನಿಂತು, ಎಲ್ಲಿದೆಯೆಂದು ಊರವರನ್ನು ಕೇಳಿದರೆ ಅವರು ಬೆರಳು ಚಾಚಿ ತೋರಿಸುತ್ತಾರೆ.